ನೀಲವ್ವ ಪಟ್ಟಕ್ಕೆ ಬಂದದ್ದು

ಸಾಕ್ಷಿಯಿಲ್ಲದ ಹೆಸರನ್ನು ಯಾವ ಕೂಸಿಗೂ ಇಡತಕ್ಕದ್ದಲ್ಲ ಎಂಬುದು ಫ್ರಾಂಕ್‌ಫರ್ಟ್ ಬಳಿಯ ಆ ಸಣ್ಣ ಊರಿನ ಜನನ ನೋಂದಣಿ ಕಚೇರಿಯ ನಿಯಮ. ನಿಯಮ ಒಳ್ಳೆಯದೇ. ಇಲ್ಲದಿದ್ದರೆ ಜನ ತಮಗೆ ಬೇಕಾದ ಹೆಸರನ್ನೇ ಇಟ್ಟುಬಿಡುತ್ತಾರೆ.

2002ರಲ್ಲಿ, ಜರ್ಮನಿ ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದಿದ್ದ ಧಾರವಾಡದ ಬಸವಪ್ರಸಾದ ತನ್ನ ಮಗಳಿಗೆ ತೀರಿಹೋದ ತಾಯಿಯ ಹೆಸರು, ನೀಲವ್ವ ಎಂದು ಬರೆದುಕೊಟ್ಟ. ಹೊಸ ಕೆಲಸ, ರಜೆ ಸಿಗದೆ ತಾಯಿಯ ಮಣ್ಣಿಗೂ ಹೋಗಿರಲಿಲ್ಲ. ಹೆಸರನ್ನಾದರೂ ಉಳಿಸಬೇಕೆಂಬ ಹಟ ಅವನದು.

ಅದು ಹೆಸರೇ ಹೌದೆಂದು ಸಾಕ್ಷಿ ಹೇಳಲು ಕನ್ನಡ ಬಲ್ಲ ತಜ್ಞರು ಕಚೇರಿಯ ಪಟ್ಟಿಯಲ್ಲಿರಲಿಲ್ಲ. ಇಡೀ ಪೂರ್ವ ದಿಕ್ಕಿಗೆ ಒಬ್ಬರೇ ಇದ್ದರು: ಪ್ರಾಚೀನ ಪರ್ಷಿಯದ ರಾಜರ ಹೆಸರುಗಳ ಪ್ರೊಫೆಸರು. ಅವರು ಹನ್ನೊಂದು ಪುಟದ ವರದಿ ಕೊಟ್ಟರು. ಆ ವಂಶದ ದೊರೆಗಳಿಗೆ ಹುಟ್ಟಿದಾಗ ಒಂದು ಹೆಸರು, ಪಟ್ಟಕ್ಕೆ ಬಂದಾಗ ಇನ್ನೊಂದು. ಓಖಸ್ ಎಂಬವನು ಸಿಂಹಾಸನವೇರಿ ಹಿರಿಯನ ಹೆಸರು ಹೊತ್ತು ಡೇರಿಯಸ್, ಅಂದರೆ ಒಳ್ಳೆಯದನ್ನು ಎತ್ತಿಹಿಡಿದವನು, ಆದ. ನೀಲವ್ವನ ಬಗ್ಗೆ ವರದಿಯಲ್ಲಿ ಏನೂ ಇರಲಿಲ್ಲ. ಆದ್ದರಿಂದ ವರದಿಯನ್ನು ಅಂಗೀಕರಿಸಲಾಯಿತು.

“ಹಿರಿಯರ ಹೆಸರು ಬೇಕಾದರೆ ಸಿಂಹಾಸನ ತೋರಿಸಬೇಕು,” ಎಂದರು ಕಚೇರಿಯ ಅಧಿಕಾರಿ, ಫ್ರಾವ್ ಹೋಲ್ಟ್ಸ್ ಎಂಬ ಹೆಂಗಸು.

“ಸಿಂಹಾಸನ ಎಲ್ಲಿಂದ ತರೂಣ? ನಮ್ಮಲ್ಲೆ ತೊಟ್ಟಿಲಕ್ಕ ಹಾಕಿ ಹೆಸರಿಡತಾರ. ಹೆಣ್ಮಕ್ಕಳು ಕೂಡಿ ಹಾಡತಾರ, ಗುಗ್ಗರಿ ಹಂಚತಾರ,” ಎಂದು ಹೆಂಡತಿ ವಿಜಯಶ್ರೀ ಅಂದದ್ದನ್ನು ಬಸವಪ್ರಸಾದ ಜರ್ಮನ್ನಿಗೆ ಇಳಿಸಿದ.

‘ಜಯಘೋಷ, ಪ್ರಜೆಗಳಿಗೆ ಧಾನ್ಯ ವಿತರಣೆ’ ಎಂದು ಫ್ರಾವ್ ಹೋಲ್ಟ್ಸ್ ಬರೆದುಕೊಂಡರು. ಮರುವಾರ ಟೇಪು ಹಿಡಿದು ಮನೆಗೇ ಬಂದರು. ಸಿಂಹಾಸನ ನೆಲದಿಂದ ನಲವತ್ತು ಸೆಂಟಿಮೀಟರ್ ಎತ್ತರದಲ್ಲಿದ್ದು, ತೂಗಾಡುತ್ತದೆ ಎಂದು ದಾಖಲಾಯಿತು. ಪಟ್ಟವೇರಿದವರು ನಿದ್ರೆಯಲ್ಲಿದ್ದ ಕಾರಣ ಅವರ ಸಹಿಯನ್ನು ಮನ್ನಾ ಮಾಡಲಾಯಿತು.

ಒಂದು ಕಲಂ ಉಳಿದಿತ್ತು: ಹಿಂದಿನ ಆಳ್ವಿಕೆ ಕೊನೆಗೊಂಡ ಬಗೆ. ಅಲ್ಲಿ ಬಸವಪ್ರಸಾದ ‘ಜ್ವರ. ಮಗ ದೂರದಲ್ಲಿದ್ದ’ ಎಂದು ಬರೆದ. ಫ್ರಾವ್ ಹೋಲ್ಟ್ಸ್ ಎರಡು ಸಲ ಓದಿದರು. ದಂಗೆಯಿಲ್ಲ, ವಿಷಪ್ರಯೋಗವಿಲ್ಲ ಎಂದು ಖಚಿತಪಡಿಸಿಕೊಂಡು ಮೊಹರು ಒತ್ತಿದರು.

ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಹೆಸರು: ಎರಡನೆಯ ನೀಲವ್ವ.

“ಆ ಎರಡನೆಯ ಅನ್ನೂದನ್ನ ತಗಸ್ರಿ,” ಎಂದಳು ವಿಜಯಶ್ರೀ.

ಬಸವಪ್ರಸಾದ ಕೂಸಿನ ಮುಖವನ್ನೇ ನೋಡುತ್ತಿದ್ದ. “ಬ್ಯಾಡ ಬಿಡು,” ಎಂದ. “ಅವರು ಬರೋಬ್ಬರಿನ ಬರದಾರ.”