ಮೇಷ್ಟ್ರ ತಲೆಬರಹ

1990ರ ಸೆಪ್ಟೆಂಬರ್ 17, ಸೋಮವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಪೂರ್ವ ಜರ್ಮನಿಯ ಗೇರಾ ಊರಿನ ಶಾಲೆಯ ಟೆಲಿಫೋನು ಬಡಿದುಕೊಂಡಿತು. ಪಶ್ಚಿಮದಿಂದ ಬಂದಿರುವ ಇನ್‌ಸ್ಪೆಕ್ಟರು ಹತ್ತು ಗಂಟೆಗೆ ಲೋಥಾರ್ ವೆಂಡ್ಲರ್ ಮೇಷ್ಟ್ರ ಕೊಠಡಿ ನೋಡುತ್ತಾರಂತೆ. ಮೇಷ್ಟ್ರು ಇರಬೇಕೋ ಹೋಗಬೇಕೋ ಎಂಬುದು ಅಲ್ಲೇ ತೀರ್ಮಾನವಂತೆ. ಎರಡು ಜರ್ಮನಿಗಳು ಒಂದಾಗಲು ಇನ್ನು ಹದಿನಾರು ದಿನ ಉಳಿದಿತ್ತು.

ಕೊಠಡಿಯಲ್ಲಿ ಇದ್ದ ತೊಂದರೆ ಒಂದೇ. ಅದು ಗೋಡೆಯ ಮೇಲಿತ್ತು. ಹತ್ತೊಂಬತ್ತು ವರ್ಷ ಮೇಷ್ಟ್ರು ಕೋಲು ಹಿಡಿದು ಪೌರನೀತಿಯ ಪಾಠ ಹೇಳಿದ ತಖ್ತೆ: ಎಡಕ್ಕೆ ‘ಸಮಾಜವಾದ’, ಬಲಕ್ಕೆ ‘ಬಂಡವಾಳವಾದ’. ಮೊದಲ ಸಾಲು ಎಡದಲ್ಲಿ ‘ಆಸ್ತಿ ಎಲ್ಲರದು’, ಬಲದಲ್ಲಿ ‘ಆಸ್ತಿ ಒಡೆಯನದು’. ಹೀಗೆ ಹದಿನೆಂಟು ಸಾಲು. ಎಡಗಡೆ ಓದಿದರೆ ಮದುವೆಯ ಕರೆಯೋಲೆ, ಬಲಗಡೆ ಓದಿದರೆ ಪೊಲೀಸ್ ದೂರು.

“ಹರಿದು ಬಾಯ್ಲರಿಗೆ ಹಾಕಿ ಮೇಷ್ಟ್ರೇ, ಇನ್ನೇನು ಯೋಚ್ನೆ?” ಎಂದರು ಉರ್ಸುಲಾ. ಮೇ ತಿಂಗಳವರೆಗೆ ರಷ್ಯನ್ ಕಲಿಸುತ್ತಿದ್ದ ಈಕೆ ಈಗ ಇಂಗ್ಲಿಷ್ ಕಲಿಸುತ್ತಿದ್ದರು, ಮಕ್ಕಳಿಗಿಂತ ಎರಡೇ ಪಾಠ ಮುಂದಿದ್ದುಕೊಂಡು.

“ಅದು ರೋಸ್ವಿತಾ ಬರೆದದ್ದು.”

ರೋಸ್ವಿತಾ ಮೇಷ್ಟ್ರ ಹೆಂಡತಿ, ಅಂಗಡಿಗಳ ಬೋರ್ಡು ಬರೆಯುತ್ತಿದ್ದವಳು. ಚಳಿಗಾಲದ ಹದಿನಾಲ್ಕು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬಾಗಿ ಈ ತಖ್ತೆ ಬರೆದಿದ್ದಳು. ಹೋದ ವರ್ಷ ಫೆಬ್ರವರಿಯಲ್ಲಿ, ಬರ್ಲಿನ್ ಗೋಡೆ ಬೀಳುವುದನ್ನೂ ನೋಡದೆ, ತೀರಿಕೊಂಡಳು. ಮನೆಯಲ್ಲಿ ಅವಳ ಅಕ್ಷರ ಅಂತ ಉಳಿದಿದ್ದದ್ದು ಜಾಮ್ ಸೀಸೆಯ ಮೇಲಿನ ಒಂದು ಚೀಟಿ. ಅದೂ ಒದ್ದೆಯಾಗಿ ಅಳಿಸಿಹೋಗಿತ್ತು. ಕೆಲಸ ಹೋದರೂ ಹೋಗಲಿ, ತಖ್ತೆ ಹೋಗಬಾರದು ಎಂದು ಮೇಷ್ಟ್ರಿಗೆ. ಎರಡೂ ಉಳಿದರೆ ಇನ್ನೂ ಒಳ್ಳೆಯದೇ.

ಬಾಯ್ಲರ್ ನೋಡಿಕೊಳ್ಳುವ ಕುರ್ಟ್ ಬಂದು ಸೊಂಟದ ಮೇಲೆ ಕೈಯಿಟ್ಟು ತಖ್ತೆ ನೋಡಿದ. “ಇಷ್ಟಕ್ಕೆ ತಲೆ ಕೆಡಿಸ್ಕೊಂಡ್ರಾ? ತಲೆಬರಹ ಎರಡನ್ನೂ ಬೇರೆ ಪಟ್ಟಿ ಮೇಲೆ ಬರ್ದು ಅಂಟಿಸಿದ್ದಾರೆ ನಿಮ್ಮನೆಯವ್ರು. ಅದನ್ನ ಆ ಕಡೆ, ಇದನ್ನ ಈ ಕಡೆ ಹಚ್ಚಿ. ಹದಿನೆಂಟು ಸಾಲು ಹಂಗೇ ಇರ್ಲಿ!”

ದೇಶ ಮಾಡಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು ಮೇಷ್ಟ್ರಿಗೆ. ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ, ಅಂಟು ಬಳಿದು ಅದಲುಬದಲು ಮಾಡಿದರು.

ಉರ್ಸುಲಾ ಗಟ್ಟಿಯಾಗಿ ಓದಿದರು. “‘ಬಂಡವಾಳವಾದ: ಎಲ್ಲರಿಗೂ ಕೆಲಸ ಖಾತ್ರಿ.’ ಓಹೋ! ನಮ್ಮನೆಯವರು ಕೆಲಸಕ್ಕಿದ್ದ ಗಿರಣಿ ಶುಕ್ರವಾರ ಬಾಗಿಲು ಹಾಕ್ತು. ಇನ್‌ಸ್ಪೆಕ್ಟರು ಇದನ್ನೋದಿದ್ರೆ ಅಣಕಿಸ್ತಿದ್ದೀರಿ ಅಂದ್ಕೋತಾರೆ.”

ಮತ್ತೆ ಕಿತ್ತು ಮೊದಲಿನ ಹಾಗೆ ಹಚ್ಚಿದರು.

“ಹಂಗೇ ಬಿಟ್ರೆ ಇವ ಹಳೇ ಪಾರ್ಟಿಯವ ಅಂತಾರೆ,” ಎಂದ ಕುರ್ಟ್.

ಮತ್ತೆ ಕಿತ್ತರು. ಅಷ್ಟರಲ್ಲಿ ಅಂಟು ಮೇಷ್ಟ್ರ ಅಂಗೈಗೆ, ಕುರ್ಟನ ಮೀಸೆಗೆ, ಉರ್ಸುಲಾರ ಇಂಗ್ಲಿಷ್ ಪುಸ್ತಕಕ್ಕೆ ಹತ್ತಿತ್ತು. ಆ ಪುಸ್ತಕದ ಮೂರನೇ ಪಾಠ ಇನ್ನು ತೆರೆಯುವಂತಿರಲಿಲ್ಲ. ಆಗಲೇ ಬಾಗಿಲು ತೆರೆಯಿತು.

ಇನ್‌ಸ್ಪೆಕ್ಟರು ಮಡಚಿದ ಛತ್ರಿಯ ಹಾಗೆ ಉದ್ದಕ್ಕೆ ತೆಳ್ಳಗಿದ್ದರು. ಕೈಕುಲುಕಲು ಕೈ ಚಾಚಿದರು. ಮೇಷ್ಟ್ರ ಎರಡು ಅಂಗೈಗೂ ಒಂದೊಂದು ಪಟ್ಟಿ ಅಂಟಿಕೊಂಡಿತ್ತು. ಕೈ ಬೆನ್ನ ಹಿಂದೆ ಅಡಗಿಸಿ ತಲೆ ಬಾಗಿಸಿದರು.

ಇನ್‌ಸ್ಪೆಕ್ಟರು ಹದಿನೆಂಟು ಸಾಲನ್ನೂ ಓದಿದರು. “ಹೆರ್ ವೆಂಡ್ಲರ್, ತಲೆಬರಹ ಇಲ್ವಲ್ಲ! ಇದ್ರಲ್ಲಿ ನಿಮ್ಮದ್ಯಾವ್ದು, ನಮ್ಮದ್ಯಾವ್ದು?”

ಮೇಷ್ಟ್ರು ಮೊದಲು ಫಿಸಿಕ್ಸ್ ಕಲಿಸುತ್ತಿದ್ದವರು. ಕಾಣದ್ದನ್ನು ಕಂಡೆ ಎನ್ನಲು ನಾಲಿಗೆ ಏಳಲಿಲ್ಲ. “ಯಾವುದೂ ಸರಿಯಾಗಿ ಹೊಂದಲ್ಲ ಸಾರ್. ನಮ್ಮಲ್ಲಿ ಎಲ್ಲರಿಗೂ ಕೆಲಸ ಇತ್ತು, ಬಚ್ಚಲಿಗೆ ಹಾಕೋಕೆ ಟೈಲ್ಸ್ ಸಿಗ್ತಿರ್ಲಿಲ್ಲ. ಈಗ ಅಂಗಡಿ ತುಂಬ ಟೈಲ್ಸ್ ಇದೆ, ಹಾಕೋನಿಗೆ ಕೆಲಸ ಇಲ್ಲ.”

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕುರ್ಟ್ ಮೇಷ್ಟ್ರಿಗೆ ಕಣ್ಣು ಹೊಡೆದ. ಗೆದ್ದರು!

“ಈ ಅಕ್ಷರ ಯಾರದು?”

“ನನ್ನ ಹೆಂಡತಿಯದು.”

“ನೋಡಿ, ನಿಮ್ಮ ಪಾಠಕ್ಕೆ ನಮ್ಮ ಕಡೆಯವರನ್ನೇ ಹಾಕ್ಬೇಕು ಅಂತ ಮೊದಲೇ ಆಗಿಹೋಗಿದೆ. ಅದು ನನ್ನ ಕೈಲಿಲ್ಲ. ಆದ್ರೆ ಬೀದಿ, ಶಾಲೆ, ಎಲ್ಲದರ ಹೆಸರೂ ಬದಲಾಗ್ತಿದೆ, ಬೋರ್ಡು ಬರೆಯೋರು ಸಿಕ್ತಿಲ್ಲ. ನಿಮ್ಮ ಮನೆಯವರಿಗೆ ನಾಳೆಯಿಂದ್ಲೇ ಕೆಲಸ. ಬರೋಕೆ ಹೇಳಿ.”

“ಬರೋಕಾಗಲ್ಲ.”

“ಯಾಕೆ, ಇಷ್ಟ ಇಲ್ವಾ?”

“ಇಷ್ಟ ಇತ್ತು,” ಎಂದರು ಮೇಷ್ಟ್ರು. “ಹೋಗಿ ಹತ್ತೊಂಬತ್ತು ತಿಂಗಳಾಯ್ತು.”

ಕುರ್ಟ್ ಮೀಸೆಯ ಅಂಟು ಕೀಳುತ್ತ ಕಿಟಕಿಯ ಕಡೆ ತಿರುಗಿದ.

“ಈ ತಖ್ತೆನಾದ್ರೂ ನಾನು ಮನೆಗೆ ಒಯ್ಲಾ?” ಎಂದರು ಮೇಷ್ಟ್ರು.

“ಕ್ಷಮಿಸಿ, ಅದು ಶಾಲೆಯ ಆಸ್ತಿ,” ಎಂದರು ಇನ್‌ಸ್ಪೆಕ್ಟರು. ಧ್ವನಿಯಲ್ಲಿ ನಿಜವಾದ ಬೇಸರವಿತ್ತು. “ನಮ್ಮೂರಿನ ಮ್ಯೂಸಿಯಮ್ಮು ಇಂಥದ್ದನ್ನ ಕೇಳಿದೆ.”

ಮೇಷ್ಟ್ರು ಮೊದಲ ಸಾಲನ್ನು ಎಡದಲ್ಲೂ ಓದಿದರು, ಬಲದಲ್ಲೂ ಓದಿದರು. ಎರಡರಲ್ಲೂ ತಮ್ಮ ಪಾಲು ಕಾಣಲಿಲ್ಲ. ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು ಮನೆಗೆ ನಡೆದರು.

ಅಡುಗೆಮನೆಯಲ್ಲಿ ಬಿಸಿನೀರಿನ ಹಬೆಗೆ ಅಂಗೈ ಹಿಡಿದು ಪಟ್ಟಿಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು. ಆ ಚಳಿಗಾಲ ರೋಸ್ವಿತಾ ಹದಿನೆಂಟು ಸಾಲನ್ನು ಒಂಬತ್ತೇ ಸಂಜೆಗೆ ಮುಗಿಸಿದ್ದಳು. ಉಳಿದ ಐದು ಸಂಜೆ ಈ ಎರಡು ಪದಗಳನ್ನೇ ಬರೆಯುವುದು, ಹರಿಯುವುದು. ಒಂದರಲ್ಲಿ ಒಂದು ಅಕ್ಷರ ಹೆಚ್ಚಿತ್ತು. “ಒಂದು ಉದ್ದ, ಒಂದು ಗಿಡ್ಡ ಆದ್ರೆ ತಖ್ತೆ ವಾಲ್ದಂಗೆ ಕಾಣುತ್ತೆ ಕಣೋ,” ಅಂದಿದ್ದಳು. “ಅದನ್ನ ಯಾರು ಅಳೀತಾರೆ?” ಎಂದು ಇವರು ನಕ್ಕಿದ್ದರು.

ಮೇಷ್ಟ್ರು ಡ್ರಾಯರಿನಿಂದ ಸ್ಟೀಲಿನ ಅಳತೆಪಟ್ಟಿ ತೆಗೆದು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಇಟ್ಟರು. ಎರಡೂ ಮೂವತ್ತನಾಲ್ಕು ಸೆಂಟಿಮೀಟರ್.