ಮೂವತ್ತೆಂಟು ಪುಟದ ಗಿಡಗಸಿ

ಮೂವತ್ತೆಂಟು ಪುಟ, ಪುಟಕ್ಕೆ ಎರಡು ರೂಪಾಯಿ ಜೆರಾಕ್ಸು, ಹನ್ನೊಂದು ಪ್ರತಿ: ಒಟ್ಟು ಎಂಟುನೂರ ಮೂವತ್ತಾರು ರೂಪಾಯಿ. ಓದಿದವರು ಯಾರೂ ಇಲ್ಲ. ಒಂದು ಪ್ರತಿ ಮಾತ್ರ ಕೊಟ್ಟಿಗೆಹಾರದ ವಾಚನಾಲಯದ ಕುಂಟು ಮೇಜಿನ ಕಾಲಡಿ ಕೂತು ಊರಿಗೆ ಉಪಕಾರ ಮಾಡುತ್ತಿತ್ತು.

ಅದು ತಾಲ್ಲೂಕು ವಿಶ್ವಕೋಶಕ್ಕೆ ಬಂದ ಲೇಖನಗಳನ್ನು ಹೇಗೆ ಪರಿಶೀಲಿಸಬೇಕು ಎಂಬ ಕೈಪಿಡಿ. ಬರೆದವರು ನಿವೃತ್ತ ಹೆಡ್ಮಾಸ್ಟರ್ ವಿಶ್ವನಾಥ್. ಪರಿಶೀಲಕರು ಅದನ್ನು ತೆರೆಯದೆಯೇ ಬಂದದ್ದಕ್ಕೆಲ್ಲ ‘ಚೆನ್ನಾಗಿದೆ’ ಎಂದು ಸಹಿ ಹಾಕುತ್ತಿದ್ದರು. ಕಾಫಿ ಬೆಳೆಗಾರ ಸಿದ್ದಬಸಪ್ಪ ತಮ್ಮ ಹಿತ್ತಲಿನ ಹಲಸಿನ ಮರದ ಮೇಲೆ ಬರೆದ ಹನ್ನೆರಡು ಪುಟವೂ ಹಾಗೇ ಪಾಸಾಗಿತ್ತು.

ಒಂದು ಬೆಳಿಗ್ಗೆ ಹೆಡ್ಮಾಸ್ಟರು ಕೈಪಿಡಿ ಹಿಡಿದು ಷಡಕ್ಷರಿಯ ಹಾರ್ಡ್‌ವೇರ್ ಅಂಗಡಿಗೆ ಬಂದರು.

“ಇದನ್ನ ಒಂದು ಪುಟ ಮಾಡ್ಕೊಡು ಮಾರಾಯ. ಜನ ಓದೋ ಹಾಗಿರ್ಬೇಕು. ನಾಲ್ಕಕ್ಕೆ ಮೀಟಿಂಗು.”

“ನಾನಾ ಸಾರ್? ನಾನು ಪಿಯುಸಿ ಫೇಲು.”

“ನಿನ್ನ ಬೋರ್ಡು ನೋಡಿದೀನಿ.”

ಗರಗಸಗಳ ಮೇಲೆ ಷಡಕ್ಷರಿ ತೂಗುಹಾಕಿದ್ದ ಬೋರ್ಡು: ‘ಮುಟ್ಟಬೇಡಿ. ಕೇಳಿ.’ ಹತ್ತು ವರ್ಷದಿಂದ ಅಲ್ಲಿ ಒಬ್ಬರೂ ಬೆರಳು ಕುಯ್ದುಕೊಂಡಿರಲಿಲ್ಲ.

“ಮಾಡ್ಕೊಟ್ರೆ ಇವತ್ತು ಮೊದ್ಲು ನಿನ್ನ ಲೇಖನಾನೇ ತಗೋತೀವಿ.”

ಷಡಕ್ಷರಿ ಆ ಮಾತಿಗೆ ಬಿದ್ದ. ಈ ಅಂಗಡಿ ಶುರು ಮಾಡಿದ ತನ್ನಜ್ಜ ಚನ್ನವೀರಪ್ಪನ ಮೇಲೆ ಅವನು ಎಂಟು ಪುಟ ಬರೆದು ಕೊಟ್ಟಿದ್ದ. ಎಂಬತ್ತರ ತಾಯಿ ಶಿವಗಂಗಮ್ಮ ದಿನಾ ಬೆಳಿಗ್ಗೆ ಕೇಳುತ್ತಿದ್ದರು, “ಮಾವನೋರು ಬುಕ್ಕಿಗೆ ಬಂದ್ರೇನೋ?”

ಹನ್ನೊಂದು ಗಂಟೆಗೆ ಒಂದು ಪುಟ ಸಿದ್ಧವಾಯಿತು. ಪಕ್ಕದ ಬೇಕರಿಯ ವೀರೇಂದ್ರ ಇಣುಕಿದ. ಸಿದ್ದಬಸಪ್ಪನವರಂತೆ ಅವನೂ ಪರಿಶೀಲಕನೇ.

“ಹಿಂಗೆ ಮುಖಕ್ಕೆ ಹೊಡ್ದಂಗೆ ಬರೀತಾರಾ? ‘ದಯವಿಟ್ಟು’ ಹಾಕು. ‘ಲೇಖಕರ ಮನಸ್ಸಿಗೆ ನೋವಾಗದ ಹಾಗೆ’ ಅಂತನೂ ಸೇರ್ಸು.”

ಸೇರಿಸಿದ. ಮೊಳೆ ಕೊಳ್ಳಲು ಬಂದ ಸಿದ್ದಬಸಪ್ಪ ಕೆಂಪು ಪೆನ್ನು ಬಳಸುವ ಬಗ್ಗೆಯೇ ಒಂದೂವರೆ ಪುಟ ಹೇಳಿ ಬರೆಸಿದರು. ಮಧ್ಯಾಹ್ನದ ಹೊತ್ತಿಗೆ ಕೈಪಿಡಿ ಮಳೆಗೆ ನೆನೆದ ಅವಲಕ್ಕಿಯಂತೆ ಊದಿಕೊಂಡು ಒಂಬತ್ತು ಪುಟವಾಗಿತ್ತು.

ಎರಡೂವರೆಗೆ ದ್ಯಾವಮ್ಮ ಬಂದಳು. ಎಸ್ಟೇಟುಗಳಲ್ಲಿ ಗಿಡಗಸಿ, ಅಂದರೆ ಕಾಫಿ ಗಿಡದ ಬೇಡದ ರೆಂಬೆ ತೆಗೆಯುವ ಕೆಲಸ, ಅವಳದು. ಕತ್ತರಿ ಆರಿಸುತ್ತಾ ಅವನ ಮುಖ ನೋಡಿದಳು.

“ಎಂಥ ಆಯ್ತು? ಜ್ವರ ಬಂದೋರ ಥರ ಕೂತಿದೀರಿ.”

ಷಡಕ್ಷರಿ ಹೇಳಿಕೊಂಡ. ಅವಳು ನಕ್ಕಳು.

“ಹೊಸ ಹೆಂಗಸ್ರಿಗೆ ಕೆಲ್ಸ ಕಲ್ಸೋವಾಗ ನಾನು ಹೇಳೋದು ನಾಲ್ಕೇ ಮಾತು. ಒಣಗಿದ್ದು ತೆಗಿ. ಒಂದ್ರ ಮೇಲೊಂದು ಹತ್ತಿದ್ದು ತೆಗಿ. ಸುಮ್ನೆ ಎತ್ರಕ್ಕೆ ಚಿಗ್ರಿದ್ದು ತೆಗಿ. ನಿನ್ನ ಸಾಲು ಇನ್ನೊಬ್ಳು ನೋಡ್ತಾಳೆ, ಆಗ ಬಾಯಿ ಹಾಕ್ಬೇಡ.”

ಷಡಕ್ಷರಿ ಒಂಬತ್ತು ಪುಟ ಹರಿದು ಬರೆದ:

‘ಆಧಾರ ಇಲ್ಲದ್ದು ತೆಗೆಯಿರಿ. ಎರಡು ಸಲ ಹೇಳಿದ್ದು ತೆಗೆಯಿರಿ. ಹೊಗಳಿಕೆ ತೆಗೆಯಿರಿ. ತೆಗೆಯುವಾಗ ಬರೆದವರು ಸುಮ್ಮನಿರಬೇಕು.’

ಮೀಟಿಂಗಿನಲ್ಲಿ ಹನ್ನೊಂದು ಜನ ಅದನ್ನು ಅರ್ಧ ನಿಮಿಷದಲ್ಲಿ ಓದಿ ಮುಗಿಸಿದರು. ಚಪ್ಪಾಳೆ ಬಿತ್ತು. ಷಡಕ್ಷರಿ ಸಂಕೋಚದಿಂದ ನೆಲ ನೋಡಿದ.

“ಸರಿ, ಮೊದ್ಲು ಚನ್ನವೀರಪ್ಪನವರದ್ದು,” ಅಂದರು ಹೆಡ್ಮಾಸ್ಟರು.

ಹೊಸ ಕತ್ತರಿ ಸಿಕ್ಕ ಉತ್ಸಾಹ ಎಲ್ಲರಿಗೂ. ‘ಕೊಟ್ಟಿಗೆಹಾರದ ಸಿಂಹ’ ಹೊಗಳಿಕೆ, ಹೋಯಿತು. ಅಜ್ಜ ಹುಲಿಗೆ ಗರಗಸ ತೋರಿಸಿ ಓಡಿಸಿದ್ದಕ್ಕೆ ಆಧಾರವಿಲ್ಲ, ಹೋಯಿತು. ಅದೇ ಹುಲಿ ಐದನೇ ಪುಟದಲ್ಲಿ ಮತ್ತೆ ಬಂದಿತ್ತು, ಅದೂ ಹೋಯಿತು.

“ಅಲ್ಲಾ, ನಮ್ಮಜ್ಜಿ ಹೇಳ್ತಿದ್ರು...” ಷಡಕ್ಷರಿ ಎದ್ದ.

ವೀರೇಂದ್ರ ನಾಲ್ಕನೇ ಮಾತಿನ ಮೇಲೆ ಬೆರಳಿಟ್ಟ. “ದಯವಿಟ್ಟು ಸುಮ್ನಿರು.”

ಉಳಿದದ್ದು ಒಂದೇ ಸಾಲು, ಅಜ್ಜ ಗರಗಸ ಮಾರುತ್ತಿದ್ದರು ಎಂಬುದು. ಅದಕ್ಕೆ ಹಳೇ ರಸೀದಿಯ ಆಧಾರ ಕೊಟ್ಟವರು ಸಿದ್ದಬಸಪ್ಪ. “ನಮ್ಮ ಹಲಸಿನ ಮರದ ರೆಂಬೆ ಕುಯ್ಯಕ್ಕೆ ತಗೊಂಡಿದ್ದು. ಒಂದು ಸಾಲಿಗೆ ಬೇರೆ ಲೇಖನ ಯಾಕೆ? ನನ್ನ ಲೇಖನದಲ್ಲೇ ಹಾಕಿ.”

“ಹಾಗಾದ್ರೆ ನಿಮ್ಮ ಹನ್ನೆರಡು ಪುಟಾನೂ ಈ ಪ್ರಕಾರ ನೋಡ್ಬೇಕಲ್ಲ!” ಷಡಕ್ಷರಿ ತಡೆಯಲಾರದೆ ಕೂಗಿದ.

“ಅದು ಹಳೇ ಕೈಪಿಡೀಲಿ ಪಾಸಾಗಿದೆ ಮಾರಾಯ,” ಅಂದರು ಹೆಡ್ಮಾಸ್ಟರು.

ಮನೆಯಲ್ಲಿ ಶಿವಗಂಗಮ್ಮ ಕಾಯುತ್ತಿದ್ದರು. “ಒಂದೇ ಸಾಲಾ?” ಎಂದು ಸ್ವಲ್ಪ ಯೋಚಿಸಿದರು. “ಇರ್ಲಿ ಬಿಡು. ಮಾವನೋರು ದಿನಕ್ಕೆ ಆಡ್ತಿದ್ದಿದ್ದೇ ಅಷ್ಟು ಮಾತು.”

ಊರಿಗೆ ಒಂದು ಪುಟದ ಕೈಪಿಡಿ ಸಿಕ್ಕಿತು. ಷಡಕ್ಷರಿಗೆ ಎಂಟು ಪುಟದ ಅಜ್ಜ ಹೋಗಿ ಒಂದು ಸಾಲಿನ ಅಜ್ಜ ಉಳಿದ, ಅದೂ ಸಿದ್ದಬಸಪ್ಪನವರ ಹಲಸಿನ ಮರದ ಕೆಳಗೆ.