ಗದಿಗೆಪ್ಪನ ಉಕ್ಕುವಿಜಯ

ಎಲೈ ಧೂಮಾಂಬರಧಾರಿಣಿಯೇ, ಸಹಸ್ರಜ್ವಾಲಾಜಿಹ್ವೆಯಾದ ಕುಲುಮೆದೇವತೆಯೇ, ಎನ್ನ ನಾಲಗೆಗೆ ಹದ ಕೊಡು! ಮನುಷ್ಯನ ಕಣ್ಣಿಗಿಂತ ಗೋಡೆಯ ಮೀಟರಿಗೆ ಮರ್ಯಾದೆ ಹೆಚ್ಚಿದ ಯಂತ್ರಯುಗದಲ್ಲಿ, ಬೆಳಗಾವಿಯ ಕಾರ್ಖಾನೆಯೊಂದರ ತಗಡಿನ ಛಾವಣಿಯ ಕೆಳಗೆ ಇಪ್ಪತ್ತಾರು ವರ್ಷ ಏಕಚ್ಛತ್ರಾಧಿಪತಿಯಾಗಿ ಮೆರೆದ, ಕೊಡಲಿ-ಕುಡುಗೋಲು-ಕುಲಸಂಜೀವನನಾದ, ನಿಜಮೀಸೆಗಿಂತ ನಿಜಪ್ರತಾಪವನ್ನೇ ಹೆಚ್ಚು ತಿರುವಿದ ಗದಿಗೆಪ್ಪನ ಸಮರವನ್ನು ಹಾಡುವೆನು.

ಯುದ್ಧಕ್ಕೆ ಕಾರಣ ಗೋಡೆಯ ಮೇಲಿನ ಎರಡು ಸಾಲು. ಕಾರ್ಖಾನೆಗೆ ಡಾಕ್ಟರರ ಕತ್ತರಿ ಮಾಡುವ ಕೆಲಸ ಬಂದಿತ್ತು. ತುಕ್ಕು ಹಿಡಿಯದ, ಆದರೆ ಕಾಸಿದರೆ ಗಟ್ಟಿಯಾಗುವ ಸ್ಟೇನ್‌ಲೆಸ್ ಸ್ಟೀಲಿನದು. ಲೋಹಶಾಸ್ತ್ರ ಓದಿ ಮೂರು ತಿಂಗಳ ಹಿಂದೆ ಸೇರಿದ್ದ ವಾರಿಜಾ ನೇಸರಗಿ ಸೀಮೆಸುಣ್ಣದಲ್ಲಿ ಬರೆದಿದ್ದಳು: ಸಾವಿರದ ಇಪ್ಪತ್ತು ಡಿಗ್ರಿ, ಎಣ್ಣೆಯಲ್ಲಿ ಅದ್ದುವುದು, ಕೂಡಲೇ ಇನ್ನೂರು ಡಿಗ್ರಿಯಲ್ಲಿ ಎರಡು ತಾಸು.

ಆ ಗೋಡೆಯ ಮೇಲೆ ಅವನನ್ನು ಕೇಳದೆ ಯಾರೂ ಗೀಟೂ ಎಳೆದಿರಲಿಲ್ಲ. ಗದಿಗೆಪ್ಪನ ಹೊಟ್ಟೆಯೊಳಗೆ ಕುಲುಮೆ ಹೊತ್ತಿತು.

"ಕಾಕಾ, ಇದು ಕುಡುಗೋಲಿನ ಉಕ್ಕಲ್ಲರಿ," ಎಂದಳು ವಾರಿಜಾ. "ಇದರಾಗ ನೂರಕ್ಕ ಹದಿಮೂರು ಪಾಲು ಕ್ರೋಮಿಯಂ ಐತಿ. ಬರೇ ಕೆಂಪಾದ್ರ ಒಳಗಿನ ಕಾರ್ಬನ್ ಕರಗಂಗಿಲ್ಲ. ಕರಗಲಿಲ್ಲಂದ್ರ ಗಟ್ಟಿ ಆಗಂಗಿಲ್ಲ."

ಊರ ದೊಡ್ಡಾಟದಲ್ಲಿ ಹದಿನಾಲ್ಕು ಸಲ ರಾಜನಾಗಿ ಕುಣಿದಿದ್ದ ವೀರನು ಆಗ ಇಕ್ಕಳವನ್ನು ಗದೆಯಂತೆ ಹೆಗಲಿಗೇರಿಸಿ ಗರ್ಜಿಸಿದನು: "ಎಲೈ ತರುಣಿ! ಉಕ್ಕಿನ ಬಣ್ಣವನ್ನು ಕಂಡೇ ಅದರ ಅಂತರಂಗವನ್ನು ಬಲ್ಲ ಈ ನೇತ್ರದ್ವಯದ ಮುಂದೆ ನಿನ್ನ ಮೀಟರಿನ ಮುಳ್ಳು ನಡುಗದಿರುವುದೇ? ಕಬ್ಬಿಣವು ನನ್ನ ಹೆಸರು ಕೇಳಿದರೇ ಗಟ್ಟಿಯಾಗುವುದು!"

"ಹಂಗಾದ್ರ ಒಂದೊಂದು ಅಲಗು ಮಾಡೂಣ್ರಿ. ಯಾರದು ನಿಲ್ಲತೈತೋ, ಅವರು ಹೇಳಿದಂಗ ಕತ್ತರಿ."

ಆರು ಜನ ಯಂತ್ರ ನಿಲ್ಲಿಸಿ ಸುತ್ತುವರಿದರು. ಗೇಣುದ್ದದ ಅಲಗನ್ನು ಗದಿಗೆಪ್ಪ ಕೆಂಪಗೆ ಕಾಸಿ, ನೀರಿಗೆ ತಿವಿದು, ಹಬೆಯ ಮೇಘಮಂಡಲದಿಂದ ದಿವಾಕರನಂತೆ ಹೊರಬಂದನು. ವಾರಿಜಾ ಅದರ ಮೇಲೆ ಅರ ಉಜ್ಜಿದಳು. ಪುಡಿ ಉದುರಿತು. ಗಟ್ಟಿಯಾದ ಉಕ್ಕಿನ ಮೇಲೆ ಜಾರಬೇಕಾದ ಅರ ಹಸಿ ಕಟ್ಟಿಗೆಯನ್ನು ಕಚ್ಚಿದಂತೆ ಕಚ್ಚಿತ್ತು.

"ಅರ ಹೊಸಾದೈತಿ," ಎಂದನು ಮಹಾಶೂರನು, ದೊಡ್ಡಾಟದ ಭಾಷೆ ಮರೆತು.

ರೋಷಾವೇಶದಿಂದ ಅದೇ ಅಲಗನ್ನು ಮತ್ತೆ ಬೆಂಕಿಗಿಟ್ಟನು. ಕೆಂಪು ಹಳದಿಯಾಯಿತು, ಹಳದಿ ಬಿಳಿಚಿತು. "ಸಾಕರೀ ಕಾಕಾ, ಭಾಳ ಕಾದೈತಿ! ನೀರು ಬ್ಯಾಡ, ಎಣ್ಣಿ!" ಎಂದು ಅವಳು ಕೂಗುವಷ್ಟರಲ್ಲಿ ನೀರು ಭೋರ್ಗರೆದಿತ್ತು. ಆ ಭೋರ್ಗರೆತದ ನಡುವೆ 'ಟಿಕ್' ಎಂಬ ಸಣ್ಣ ಸದ್ದು ಗದಿಗೆಪ್ಪನ ಕಿವಿಗೆ ಮಾತ್ರ ಕೇಳಿಸಿತು. ಅದು ಉಕ್ಕು ಒಳಗೇ ಬಿರುಕುಬಿಟ್ಟ ಸದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈಗಲೇ ಕೆಳಗಿಟ್ಟರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಹನ್ನೆರಡು ಕಣ್ಣುಗಳು ಕಾಯುತ್ತಿದ್ದವು.

"ಇನ್ನೂರಕ್ಕ ಇಟ್ಟು ಹದ ಮಾಡ್ರಿ," ಎಂದಳು ವಾರಿಜಾ. "ಈಗದು ಗಾಜಿನಂಗ ಇರತೈತಿ."

"ವೀರನಿಗೆ ಎರಡನೆಯ ಬೆಂಕಿಯೇ!" ಎಂದು ಅಟ್ಟಹಾಸಗೈದು, ಅರಿನಿಕರಭಯಂಕರನು ಅಲಗನ್ನು ಮೇಜಿನ ಅಂಚಿಗೆ ಅಪ್ಪಳಿಸಿದನು. ಅಲಗು ಎರಡಾಯಿತು. ಒಂದು ತುಂಡು ಮರಳಿನ ಬಕೀಟಿಗೆ ಬಿತ್ತು. ಇನ್ನೊಂದು ಅವನ ಕೈಯಲ್ಲೇ, ಎತ್ತಿದ ಹಾಗೇ ಉಳಿಯಿತು.

ವಾರಿಜಾ ನಗಲಿಲ್ಲ. ಮೀಟರು ನೋಡಿ ಕಾಸಿದಳು, ಎಣ್ಣೆಗೆ ಅದ್ದಿದಳು, ಇನ್ನೂರರಲ್ಲಿ ಎರಡು ತಾಸು ಇಟ್ಟು ತೆಗೆದಳು. ಅರ ಜಾರಿತು. ಬಗ್ಗಿಸಿ ಬಿಟ್ಟರೆ ಅಲಗು ನೆಟ್ಟಗಾಯಿತು.

ಅಷ್ಟರಲ್ಲಿ ಕ್ಯಾಂಟೀನಿನ ನೀಲವ್ವ ಸೊಂಟಕ್ಕೆ ಒಂದು ಕೈ ಇಟ್ಟು ಬಂದಳು. ಲೋಕವಿಖ್ಯಾತವಾಗಬೇಕಿದ್ದ ಆ ಎರಡು ಆಯುಧಗಳು, ವಾರದಿಂದ ಅವಳು ಗೋಗರೆದು ಕತ್ತರಿಯ ಉಕ್ಕಿನ ಚೂರಿನಲ್ಲಿ ಮಾಡಿಸಿಕೊಳ್ಳುತ್ತಿದ್ದ ತರಕಾರಿ ಚಾಕುಗಳು. ಉಳಿದ ಒಂದನ್ನು ಸೆರಗಿಗೆ ಒರೆಸಿ, ಕೈಲಿದ್ದ ಬದನೆಕಾಯಿಯನ್ನು ಸೀಳಿ ನೋಡಿದಳು.

"ಹೂಂ, ಕೊಯ್ಯತೈತಿ. ಗದಿಗೆಪ್ಪಣ್ಣಾ, ನೀವೇನ್ ಖಾಲಿ ನಿಂತೀರಿ? ಬರ್ರಿ, ಬೆಳ್ಳುಳ್ಳಿ ಸುಲದು ಕೊಡ್ರಿ. ಅದಕ್ಕ ಚಾಕು ಬೇಕಾಗಂಗಿಲ್ಲ."

ಭುವನೈಕವೀರನು ಮಣೆ ಎಳೆದುಕೊಂಡು ಕೂತನು. ಸಿಪ್ಪೆ ಉಗುರಿನ ಸಂದಿಗೆ ಹೊಕ್ಕು ಸ್ವಲ್ಪ ಉರಿಯಿತು.